ಸೊಸೆ ತವರಿನಿಂದ ತಂದ ಮೇಜು

ವೆನೀರ್ ಎಂದರೆ ಸಾಕು, ಬಡಗಿ ಮೇಸ್ತ್ರಿಗೆ ಮೈಯೆಲ್ಲ ಉರಿ. ಕಳಪೆ ಹಲಗೆಯ ಮೇಲೆ ತೆಳ್ಳಗೆ ಸೀಳಿದ ಒಳ್ಳೆಯ ಮರ ಅಂಟಿಸಿ ಜನರ ಕಣ್ಣಿಗೆ ಮಣ್ಣೆರಚುತ್ತಾರೆ ಎಂದು ನಲವತ್ತು ವರ್ಷ ಸಿಕ್ಕಸಿಕ್ಕವರಿಗೆಲ್ಲ ಉಪದೇಶ ಮಾಡಿದ ಮನುಷ್ಯ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಆ ಉಪದೇಶ ಕೇಳಲು ಸೊಸೆಯೊಬ್ಬಳೇ ಉಳಿದಿದ್ದಳು, ಪಾಪ.

ಅವಳು ತವರಿನಿಂದ ತಂದ ಊಟದ ಮೇಜನ್ನು ಮಾತ್ರ ಆತ ಬಾಯ್ತುಂಬ ಹೊಗಳುತ್ತಿದ್ದ. ಅವಳಪ್ಪನೂ ಬಡಗಿಯೇ, ಸಾಯುವ ಹಿಂದಿನ ವರ್ಷ ಮಗಳಿಗೆಂದು ಕೈಯಾರೆ ಮಾಡಿದ್ದು. ಅದರ ಮೇಲೊಂದು ಗೀರು ಬಿದ್ದದ್ದೇ ತಡ, ಮೇಸ್ತ್ರಿ ಉಜ್ಜುವ ಯಂತ್ರ ಹಿಡಿದು ನಿಂತ.

"ಬೇಡ ಮಾವ, ಅದು ವೆನೀರ್. ಅಪ್ಪನೇ ಹೇಳಿದ್ರು."

"ನಂಗೇ ಮರ ಕಲಿಸ್ತೀಯಾ? ಅಂಚು ನೋಡಮ್ಮ, ಗಟ್ಟಿಮರ!"

ಅಂಚೇನೋ ಗಟ್ಟಿಮರವೇ. ಆದರೆ ಅದು ಒಳಗಿನ ಪ್ಲೈವುಡ್ ಕಾಣದಂತೆ ಸುತ್ತ ಕೂರಿಸಿದ ಪಟ್ಟಿ. ಮೇಜಿನಡಿ ಒಮ್ಮೆ ಬಗ್ಗಿ ನೋಡಿದ್ದರೆ ತಿಳಿಯುತ್ತಿತ್ತು. ಸೊಸೆಯ ಮಾತಿಗೆ ಬಗ್ಗುವುದುಂಟೇ? ಯಂತ್ರ ಗುರ್ರೆಂದಿತು. ಎರಡೇ ನಿಮಿಷ, ಚೆಂದದ ಗೆರೆಗಳ ನಡುವೆ ಅಂಗೈಯಗಲ ಬಿಳಿಚಿದ ಪ್ಲೈವುಡ್ ಹಲ್ಲುಕಿರಿಯಿತು.

ಅಲ್ಲಿಗಾದರೂ ಬಾಯಿ ಮುಚ್ಚಬೇಕಿತ್ತು. "ನಿಮ್ಮಪ್ಪ ಮಗಳಿಗೇ ಟೋಪಿ ಹಾಕಿದ್ನಾ?" ಅಂದುಬಿಟ್ಟ.

ಸೊಸೆ ಮರದ ಪುಡಿ ಒರೆಸುತ್ತ ಮೆಲ್ಲಗೆ ಹೇಳಿದಳು: "ಅಪ್ಪ ಏನೂ ಮುಚ್ಚಿಡ್ಲಿಲ್ಲ ಮಾವ. ಇಷ್ಟಗಲದ ಗಟ್ಟಿಮರ ಹಿಗ್ಗಿ ಕುಗ್ಗಿ ಬಿರುಕು ಬಿಡತ್ತೆ, ಇದಾದ್ರೆ ನಿನ್ನ ಕಾಲಕ್ಕೂ ಸೊಟ್ಟಗಾಗಲ್ಲ ಅಂತ ಹೇಳೇ ಕೊಟ್ಟಿದ್ರು."

ಮೇಸ್ತ್ರಿಗೆ ತಲೆ ಎತ್ತಲಾಗಲಿಲ್ಲ. ಸತ್ತವನ ಕೆಲಸ ಕೆಡಿಸಿದ್ದು ಸಾಲದೆಂದು ಅವನ ಹೆಸರಿಗೂ ಮಸಿ ಬಳಿದಿದ್ದ.

ಸಂಜೆ ಮಗ ಬಂದವನೇ ಮೇಜು ನೋಡಿ ದಂಗಾದ. "ಯಾರು ಮಾಡಿದ್ದು ಇದು?"

"ನಾನೇ," ಅಂದಳು ಸೊಸೆ. "ಗೀರು ತೆಗೆಯೋಕೆ ಹೋಗಿ..."

"ಬುದ್ಧಿ ಇದೆಯಾ? ಮನೇಲಿ ಅಪ್ಪ ಇರೋವಾಗ ಅವರನ್ನ ಒಂದು ಮಾತು ಕೇಳ್ಬಾರ್ದಾ?"

ಸುಮ್ಮನಿದ್ದರೆ ಮೇಸ್ತ್ರಿಯ ಮರ್ಯಾದೆ ಉಳಿಯುತ್ತಿತ್ತು. ಮೇಸ್ತ್ರಿ ಒಂದು ಗಳಿಗೆ ಸುಮ್ಮನಿದ್ದದ್ದೂ ನಿಜ. ಆ ಗಳಿಗೆಯನ್ನು ಅವನು ಸಾಯುವವರೆಗೂ ಮರೆಯಲಾರ.

"ಅವಳಲ್ಲ ಕಣೋ, ನಾನು," ಅಂದ ಕೊನೆಗೆ. "ಬೇಡ ಅಂದ್ಲು, ಕೇಳ್ಲಿಲ್ಲ. ಅವರಪ್ಪನ್ನ ಮೋಸಗಾರ ಅಂತ ಬೇರೆ ಅಂದೆ."

ಬೆಳಗಿನಿಂದ ತಡೆದುಕೊಂಡಿದ್ದ ಸೊಸೆ ಆಗ ಅತ್ತಳು.