ರೇಡಿಯೋದಲ್ಲಿ ಹಾವುಮೀನಿನ ಕಥೆ

ಒಡೀಲ್‌ಗೆ ಪುಸ್ತಕವೆಂದರೆ ಆಗದು. ವಯಸ್ಸು ಹದಿನೈದು ತುಂಬಿದ್ದರೂ ಸಾಲಿನ ಮೇಲೆ ಕಣ್ಣಿಟ್ಟರೆ ಸಾಕು, ಅಕ್ಷರಗಳು ಬಲೆಯಿಂದ ಸುರಿದ ಸೀಗಡಿಗಳ ಹಾಗೆ ನೆಗೆದಾಡುತ್ತಿದ್ದವು. ಹೋದ ವರ್ಷ ತರಗತಿಯಲ್ಲಿ ಗಟ್ಟಿಯಾಗಿ ಓದಲು ನಿಂತು ತೊದಲಿದಾಗ ಎದ್ದ ನಗು ಇನ್ನೂ ಅವಳ ಕಿವಿಯಲ್ಲಿತ್ತು. ಆದರೆ ಹೈಸ್ಕೂಲಿನ ನಿಯಮ ಯಾರನ್ನೂ ಬಿಡುವಂಥದ್ದಲ್ಲ. ಬೇಸಿಗೆ ರಜೆಯಲ್ಲಿ ಎಲ್ಲರೂ ಕಥೆ ಕಾದಂಬರಿಯಲ್ಲದ, ನಿಜ ಸಂಗತಿಯ ಒಂದು ಪುಸ್ತಕ ಓದಬೇಕು. ಶಾಲೆ ತೆರೆದ ಮೇಲೆ ಊರವರ ಮುಂದೆ ಅದರ ಒಂದು ಭಾಗ ಓದಬೇಕು. ಲ್ಯಾಂಡ್ರೆನೋ ಟೀಚರ್ ಮೇಜಿನ ಮೇಲೆ ಹರಡಿದ್ದ ಪುಸ್ತಕಗಳಲ್ಲಿ ತೀರ ತೆಳ್ಳಗಿನದನ್ನು ಒಡೀಲ್ ಎತ್ತಿಕೊಂಡಳು. ಅದು ಹಾವುಮೀನುಗಳ ಬಗ್ಗೆ.

ರಜೆಯಲ್ಲಿ ಅವಳು ತಾತ ಯುಲೀಸ್‌ನ ಸೀಗಡಿ ದೋಣಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಲೂಯಿಸಿಯಾನಾದ ಆ ಕೊಲ್ಲಿಯಲ್ಲಿ ಬಲೆ ಎಳೆಯುತ್ತ ಸಾಗುವಾಗ ಬಿಡುವೋ ಬಿಡುವು. ಮೂಲೆಯಲ್ಲಿ ಪುಸ್ತಕ ಹಿಡಿದು ಗೊಣಗುತ್ತಿದ್ದವಳನ್ನು ನೋಡಿ ಒಂದು ದಿನ ತಾತ, “ಏನದು, ಮಂತ್ರ ಹಾಕ್ತಿದೀಯಾ? ಗಟ್ಟಿಯಾಗಿ ಓದೇ, ನಂಗೂ ಕೇಳಲಿ,” ಎಂದ.

“ತಪ್ಪುತಪ್ಪಾಗಿ ಬರುತ್ತೆ ತಾತ.”

“ತಪ್ಪು ಹಿಡಿಯೋಕೆ ನನಗೇನು ಗೊತ್ತು? ಓದು.”

ಅವಳು ಚುಕ್ಕಾಣಿಯ ಪಕ್ಕದ ಬೆಂಚಿನಲ್ಲಿ ಕೂತು, ಪದದ ಕೆಳಗೆ ಬೆರಳಿಟ್ಟು, ಉದ್ದದ ಪದಗಳನ್ನು ತುಂಡು ತುಂಡಾಗಿ ಮುರಿದು ಓದಿದಳು. ಹೊಳೆಯಲ್ಲಿ ಬೆಳೆದ ಹಾವುಮೀನು ಒಂದು ದಿನ ಊಟ ಬಿಟ್ಟು, ಮೈ ಬೆಳ್ಳಿಬಣ್ಣಕ್ಕೆ ತಿರುಗಿ, ತಾನು ಹುಟ್ಟಿದ ನಡುಗಡಲಿಗೆ ಹೊರಡುತ್ತದೆ. ಅಲ್ಲಿ ಅದು ಮೊಟ್ಟೆಯಿಡುವುದನ್ನು ಈವರೆಗೆ ಯಾರೂ ಕಂಡಿಲ್ಲ! ಓದಿ ಮುಗಿಸಿ ಎದ್ದಾಗ ದೋಣಿಯವರು ಪರಸ್ಪರ ಮಾತಾಡುವ ರೇಡಿಯೋದ ಮೈಕು, ಅವಳ ತೊಡೆಯಡಿ ಗುಂಡಿ ಒತ್ತಿಹೋಗಿದ್ದದ್ದು, ಕೆಳಗೆ ಬಿತ್ತು. ಮರುಕ್ಷಣವೇ ರೇಡಿಯೋ ಕಿರುಚಿತು.

“ಲೇ ಯುಲೀಸ್! ಯಾರಪ್ಪಾ ಅದು ಪಾಠ ಮಾಡ್ತಿರೋದು?” ಕ್ಲೋವಿಸ್‌ನ ಗಂಟಲು ಅದು. ಕೊಲ್ಲಿಯಲ್ಲೆಲ್ಲ ಅವನಷ್ಟು ಬಾಯಿಬಡುಕ ಇನ್ನೊಬ್ಬನಿರಲಿಲ್ಲ.

ದೋಣಿಗಳೆಲ್ಲ ಕೇಳಿಸಿಕೊಂಡಿದ್ದವು. ಒಡೀಲ್‌ಗೆ ಅಲ್ಲೇ ನೀರಿಗೆ ಹಾರಿಬಿಡೋಣ ಅನ್ನಿಸಿತು.

“ನನ್ನ ಮೊಮ್ಮಗಳು. ಯಾಕೆ, ಏನೀಗ?” ಎಂದ ತಾತ.

“ಏನೀಗ ಅಂದ್ರೆ? ಮುಂದೇನಾಯ್ತು ಹೇಳ್ಸು ಮಾರಾಯ! ಈ ದರಿದ್ರ ಮೀನು ನನ್ನ ಬಲೆಗೆ ಬಿದ್ದಾಗೆಲ್ಲ ಬೈದು ಎಸೀತಿದ್ದೆ. ಇದಕ್ಕೆ ಇಷ್ಟೆಲ್ಲ ಕಥೆ ಇದೆ ಅಂತ ಯಾರಿಗ್ಗೊತ್ತು?”

ವಿಯೆಟ್ನಾಮಿನಿಂದ ಬಂದು ಇಲ್ಲೇ ನೆಲೆನಿಂತ, ಸ್ವಂತ ದೋಣಿ ನಡೆಸುವ ಹಾನ್ ಆಂಟಿಯ ದನಿಯೂ ಬಂತು: “ನಿಧಾನಕ್ಕೇ ಓದು ಮಗಾ. ನಿಧಾನಕ್ಕೆ ಓದಿದ್ರೇ ನಂಗೂ ಅರ್ಥ ಆಗೋದು.”

ಮಾರನೆಯ ದಿನ ಒಡೀಲ್ ತಾನಾಗಿ ಮೈಕು ಹಿಡಿದಳು. ಆಮೇಲೆ ಅದೇ ರೂಢಿಯಾಯಿತು. ಪುಸ್ತಕದ ವಿಜ್ಞಾನಿಗಳು ಒಂದು ಹೆಣ್ಣು ಹಾವುಮೀನಿನ ಬೆನ್ನಿಗೆ ಅದರ ದಾರಿ ತಿಳಿಸುವ ಪುಟ್ಟ ಯಂತ್ರ ಕಟ್ಟಿ ಕಡಲಿಗೆ ಬಿಟ್ಟಿದ್ದರು. ಅದು ತಿಮಿಂಗಿಲದ ಬಾಯಿಗೆ ಸಿಕ್ಕೀತೇ, ದಾರಿ ತಪ್ಪೀತೇ ಎಂದು ದೋಣಿದೋಣಿಗಳ ನಡುವೆ ವಾದವೇ ವಾದ; ಮುಟ್ಟೇ ಮುಟ್ಟುತ್ತೆ ಎಂದು ಕ್ಲೋವಿಸ್‌ನ ಪಟ್ಟು. ಅಷ್ಟರಲ್ಲಿ ಸೀಗಡಿ ಹಂಗಾಮು ಮುಗಿಯಿತು. ಕೊನೆಯ ಅಧ್ಯಾಯ ಉಳಿದುಹೋಯಿತು.

“ಹಂಗೆಲ್ಲ ನಡುನೀರಲ್ಲಿ ಕೈ ಬಿಡ್ಬೇಡ್ವೇ! ಅದು ಊರು ಮುಟ್ತೋ ಇಲ್ವೋ ಹೇಳು,” ಎಂದು ಕ್ಲೋವಿಸ್ ದೋಣಿ ಕಟ್ಟುವ ದಕ್ಕೆಯಲ್ಲಿ ಅವಳನ್ನು ಅಡ್ಡಗಟ್ಟಿದ.

“ಸ್ಕೂಲಿಗೆ ಬಂದು ಕೇಳಿ ಅಂಕಲ್,” ಎಂದುಬಿಟ್ಟಳು ಒಡೀಲ್. ಬರಲಾರರು ಎಂಬ ಧೈರ್ಯ ಅವಳಿಗೆ. ಓದುವ ಸಂಜೆ ಬಿದ್ದದ್ದೇ ಹೊಸ ಹಂಗಾಮು ತೆರೆದ ವಾರದಲ್ಲಿ. ಅಂಥ ದಿನ ದೋಣಿ ಕಟ್ಟಿಹಾಕುವವರು ಯಾರು?

ಆ ಸಂಜೆ ಅವಳ ಹೆಸರು ಕೂಗಿದರು. ವೇದಿಕೆ ಹತ್ತುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ದೋಣಿಯವರ ಬಿಳಿ ರಬ್ಬರ್ ಬೂಟುಗಳು ಕಿರಗುಟ್ಟುತ್ತ ಒಳಬಂದವು. ಮುಂದೆ ತಾತ, ಹಿಂದೆ ಕ್ಲೋವಿಸ್, ಹಾನ್ ಆಂಟಿ, ಅವರ ಹಿಂದೆ ಇಡೀ ಕೊಲ್ಲಿ. ಕುರ್ಚಿ ಸಾಲದೆ ಗೋಡೆಗೊರಗಿ ನಿಂತರು.

ಒಡೀಲ್ ಓದತೊಡಗಿದಳು. ಎರಡನೆಯ ಸಾಲಿನಲ್ಲೇ ಒಂದು ಉದ್ದದ ಪದ ಅಡ್ಡ ನಿಂತಿತು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಯಾರೋ ಕಿಸಕ್ಕೆಂದರು. ಅವಳು ತಲೆಯೆತ್ತಲಿಲ್ಲ. ಪದದ ಕೆಳಗೆ ಬೆರಳಿಟ್ಟಳು, ಮುರಿದಳು, ಜೋಡಿಸಿದಳು, ದಾಟಿದಳು. ಆಮೇಲೆ ದನಿ ತಾನೇ ತೆರೆದುಕೊಂಡಿತು. ಮೀನು ಬಿರುಗಾಳಿ ದಾಟಿತು, ಯಂತ್ರದ ಸದ್ದು ಅಡಗಿತು, ವಿಜ್ಞಾನಿಗಳು ಆಸೆ ಬಿಟ್ಟರು. ಕಿಸಕ್ಕೆಂದ ಹುಡುಗನೂ ಮುಂದಕ್ಕೆ ಬಾಗಿ ಕೂತಿದ್ದ. ಕೊನೆಯ ಪುಟದಲ್ಲಿ ನಡುಗಡಲಿಂದ ಒಂದು ಸಂಕೇತ ಬಂತು.

“ಮುಟ್ಟಿತು,” ಎಂದು ಓದಿದಳು ಒಡೀಲ್.

“ನಾನ್ ಹೇಳ್ಲಿಲ್ವಾ!” ಎಂದು ಅರಚಿದ ಕ್ಲೋವಿಸ್. ಬೂಟುಗಳು ನೆಲ ಗುದ್ದಿದವು. ಚಪ್ಪಾಳೆ ಮುಂದಿನ ಸಾಲಿಗೂ ಹಬ್ಬಿತು. ಲ್ಯಾಂಡ್ರೆನೋ ಟೀಚರ್ ಎದ್ದು ನಿಂತರು. ತಾತ ಮಾತ್ರ ಟೋಪಿಯನ್ನು ಎದೆಗೊತ್ತಿ ಹಿಡಿದು ನಿಂತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

ಹೊರಗೆ ನಿಲ್ಲಿಸಿದ್ದ ಕಾರುಗಳ ನಡುವೆ ದೋಣಿಯವರ ಜಗಳ ಆಗಲೇ ಶುರುವಾಗಿತ್ತು. ಇನ್ನು ಮುಂದೆ ರೇಡಿಯೋದಲ್ಲಿ ಓದುವುದು ಜೇನುಹುಳದ ಪುಸ್ತಕವೋ, ಭೂಕಂಪದ್ದೋ?

“ಸುಮ್ನಿರ್ರೋ,” ಎಂದರು ಹಾನ್ ಆಂಟಿ. “ಓದೋಳು ಅವಳು. ಅವಳನ್ನ ಕೇಳಿ.”

“ಭೂಕಂಪ,” ಎಂದಳು ಒಡೀಲ್. “ಅದು ದಪ್ಪ ಇದೆ.”