ಎರಡು ಗಂಟೆ ನಲವತ್ತು ನಿಮಿಷ, ನಡುವೆ ಸ್ಟಾಪ್ ಇಲ್ಲ

1

ಹೇಗೆ ಶುರು ಮಾಡಲಿ? ವಿಮಾನದೊಳಗಿಂದಲೇ ಆಗಲಿ ಅಂದುಕೊಂಡೆ. ಕಿಟಕಿ ಸೀಟು, ಹೊರಗೆ ಮೋಡ, ಒಳಗೆ ಐವತ್ತೇಳು ವರ್ಷದ ಬಸ್ ಡ್ರೈವರ್, ಪಕ್ಕದಲ್ಲಿ ಹೆಂಡತಿ. ಎರಡು ಸಾಲು ಬರೆಯುವಷ್ಟರಲ್ಲಿ ಡ್ರೈವರಣ್ಣ ಎದ್ದು ನಿಂತರು.

"ಸಾರ್, ಕಿಟಕಿ ಸೀಟು ಯಾಕೆ ಕೊಟ್ರಿ? ಪ್ರತಿ ಸಲ ಇಬ್ಬರನ್ನ ಎಬ್ಬಿಸಿ ದಾಟ್ಕೊಂಡು ಹೋಗ್ಬೇಕು. ಈಚೆ ತುದೀದು ಕೊಡಿ."

"ಮೋಡದ ವರ್ಣನೆ ಬರೆದುಬಿಟ್ಟಿದ್ದೀನಲ್ರೀ!"

"ಮೋಡ ನೀವೇ ನೋಡ್ಕೊಳ್ಳಿ."

ಹೊಡೆದುಹಾಕಿದೆ. (ಮೋಡ ಚೆನ್ನಾಗಿ ಬಂದಿತ್ತು. ಹೋಗಲಿ.)

ಮತ್ತೆ 1

ನೇರವಾಗಿ ಹೇಳಿಬಿಡುತ್ತೇನೆ, ಓದುಗರೇ, ನೀವೇನು ಮಕ್ಕಳಲ್ಲ. ಡ್ರೈವರಣ್ಣನ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರದ ದಾರಿಯನ್ನು ಹಿಸುಕುತ್ತಿದೆ. ಅರ್ಧ ಗಂಟೆಗೊಮ್ಮೆ ಓಡಬೇಕು, ಓಡಿದರೂ ಹನಿ ಹನಿ. ಅವರ ಬೆಟ್ಟದ ರೂಟೋ ಎರಡು ಗಂಟೆ ನಲವತ್ತು ನಿಮಿಷ, ನಡುವೆ ಸ್ಟಾಪ್ ಇಲ್ಲ. ಇಪ್ಪತ್ತಾರು ವರ್ಷ ಅದನ್ನು ಓಡಿಸಿದವರನ್ನು ಡಿಪೋ ಮ್ಯಾನೇಜರ್ ಈಗ ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಕೂರಿಸಿದ್ದಾರೆ. ಮರೆತುಹೋದ ಛತ್ರಿಗಳಿಗೆ ಚೀಟಿ ಅಂಟಿಸುವ ಕೆಲಸ. "ಸೀಟು ಬಿಟ್ಟು ಇಳೀದೆ ಒಂದೇ ಒಂದು ಟ್ರಿಪ್ ಹೊಡೆದು ತೋರಿಸಿ, ರೂಟ್ ನಿಮ್ಮದೇ" ಅಂದಿದ್ದಾರೆ.

ಆಪರೇಷನ್ನಿಗೆ ಡ್ರೈವರಣ್ಣ ಸುತರಾಂ ಒಪ್ಪಲಿಲ್ಲ. "ಇಂಜಿನ್ ಬಿಚ್ಚಿ ಜೋಡಿಸಿದ್ಮೇಲೆ ಒಂದು ಸ್ಕ್ರೂ ಉಳಿದೇ ಉಳಿಯುತ್ತೆ ಸಾರ್. ಎಷ್ಟು ನೋಡಿಲ್ಲ ನಾನು!"

ಆಗ ಹೆಂಡತಿಯ ತಮ್ಮ ಹುಡುಕಿ ತೆಗೆದ: ಹೊರದೇಶದ ಒಂದು ಆಸ್ಪತ್ರೆಯಲ್ಲಿ ಕೊಯ್ಯುವುದೇ ಇಲ್ಲವಂತೆ. ಮಣಿಕಟ್ಟಿನ ರಕ್ತನಾಳದೊಳಗಿಂದ ಸಣ್ಣ ಕೊಳವೆ ತೂರಿಸಿ, ಗ್ರಂಥಿಗೆ ಹೋಗುವ ರಕ್ತ ತಡೆಯುತ್ತಾರಂತೆ. ಗ್ರಂಥಿ ಮೆಲ್ಲಗೆ ಕುಗ್ಗುತ್ತದಂತೆ.

2

ಆ ಆಸ್ಪತ್ರೆಯಲ್ಲಿ ಮೊದಲಿಗೆ ಒಂದು ಪರೀಕ್ಷೆ. ಹೊಟ್ಟೆ ತುಂಬ ನೀರು ಕುಡಿದು, ತಡೆದುಕೊಂಡು, ಆಲಿಕೆಯಂಥ ಯಂತ್ರದೊಳಗೆ ಹುಯ್ಯಬೇಕು. ವೇಗ ಎಷ್ಟೆಂದು ಅದು ಗೆರೆ ಎಳೆದು ತೋರಿಸುತ್ತದೆ. ಡ್ರೈವರಣ್ಣ ಒಂದು ಲೀಟರ್ ಕುಡಿದು ಕೂತರು. ಟೋಕನ್ ನಂಬರ್ ಕೂಗಿದರು. ಯಂತ್ರ ಮಟ್ಟಸವಾಗಿ ಒಂದು ಗೆರೆ ಎಳೆಯಿತು.

"ನೀರು ಕುಡಿದಿಲ್ವಾ?" ನಮ್ಮ ಭಾಷೆ ಬಲ್ಲ ನರ್ಸ್ ಕೇಳಿದಳು.

"ಕುಡಿದೆ ತಾಯಿ."

ಇನ್ನೊಂದು ಲೀಟರ್. ಮತ್ತೆ ಟೋಕನ್. ಮತ್ತೆ ಅದೇ ಮಟ್ಟಸ ಗೆರೆ.

ಹೆಂಡತಿಗೆ ಹೊಳೆಯಿತು. "ರೀ, ನಂಬರ್ ಕೂಗಿದ ಕೂಡ್ಲೇ ಎಲ್ಲಿಗೆ ಹೋದ್ರಿ?"

"ಎಲ್ಲಿಗೆ ಅಂದ್ರೆ? ಹೋಗ್ಬಂದೆ."

"ಎರಡು ಸಲಾನೂ?"

"ಅಲ್ವೇ, ನಂಬರ್ ಕೂಗಿದ್ಮೇಲೆ ಗಾಡಿ ಹತ್ತೋ ಮುಂಚೆ ಹೋಗ್ಬರ್ಬೇಡ್ವಾ?"

(ಇದನ್ನು ನಾನು ಕಟ್ಟಿದ್ದಲ್ಲ ಎಂದು ಹೇಳಲು ಆಸೆ. ಕಟ್ಟಿದ್ದೇ. ಆದರೆ ಇಪ್ಪತ್ತಾರು ವರ್ಷ ಬಸ್ಸಿನ ನಂಬರ್ ಕೂಗಿದಾಗಲೆಲ್ಲ ಎದ್ದು ಹೋದ ಕಾಲು ಬೇರೇನು ಮಾಡೀತು?)

ಮೂರನೇ ಸಲ ಆಕೆ ಹ್ಯಾಂಡ್‌ಬ್ಯಾಗ್ ಎದೆಗವಚಿಕೊಂಡು ಟಾಯ್ಲೆಟ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಯಂತ್ರ ಕೊನೆಗೂ ಸಣ್ಣದೊಂದು ಉಬ್ಬು ಬರೆಯಿತು.

"ಬೆಟ್ಟ ಅಂದ್ಕೊಂಡಿದ್ದೆ," ಡ್ರೈವರಣ್ಣ ಪೆಚ್ಚಾಗಿ ಹೇಳಿದರು. "ಇದು ರೋಡ್ ಹಂಪು."

3

ಚಿಕಿತ್ಸೆಯ ದಿನ. ಡ್ರೈವರಣ್ಣ ಎಚ್ಚರವಾಗಿಯೇ ಮಲಗಿ ಪರದೆಯ ಮೇಲೆ ತಮ್ಮದೇ ರಕ್ತನಾಳ ನೋಡುತ್ತಿದ್ದಾರೆ. "ಆ ತಿರುವಲ್ಲಿ ನಿಧಾನ ಅಂತ ಡಾಕ್ಟರಿಗೆ ಹೇಳಮ್ಮಾ," ಅನ್ನುತ್ತಿದ್ದಾರೆ ನರ್ಸಿಗೆ. ಕತೆ ಸಪ್ಪೆಯಾಯಿತಲ್ಲ, ಒಂದು ಗಂಡಾಂತರ ತುರುಕಲೇ ಎಂದು ಪೆನ್ನು ಎತ್ತಿದೆ.

"ಅಣ್ಣಾ," ಹೊರಗೆ ಬೆಂಚಿನ ಮೇಲಿದ್ದ ಹೆಂಡತಿ ಕರೆದರು, "ಹಾಕಿ ನೋಡಿ ಒಂದ್ಸಲ. ನಿಮ್ಮ ಕತೆಯಿಂದ್ಲೇ ಇವರನ್ನ ಕರ್ಕೊಂಡು ಹೋಗ್ತೀನಿ."

ತುರುಕಲಿಲ್ಲ. (ಆ ಹ್ಯಾಂಡ್‌ಬ್ಯಾಗ್ ಭಾರವಾಗಿದೆ.)

ಆದರೆ ಡಾಕ್ಟರೇ ಕತೆಗೆ ಕಲ್ಲು ಹಾಕಿದರು: ಫಲ ಗೊತ್ತಾಗಲು ಮೂರು ತಿಂಗಳು ಬೇಕು, ಎಲ್ಲರಿಗೂ ಒಂದೇ ಥರ ಆಗುವುದಿಲ್ಲ, ಖಾತ್ರಿ ಕೊಡಲಾರೆ.

"ಮೂರು ತಿಂಗಳು ಓದುಗರನ್ನು ಎಲ್ಲಿ ಕೂರಿಸಲಿ?" ಎಂದೆ.

"ಒಂದು ಸಾಲು ಖಾಲಿ ಬಿಡಿ ಸಾರ್. ಕಾಯೋದು ನನಗೆ ಬಿಡಿ," ಅಂದರು ಡ್ರೈವರಣ್ಣ.

ಬಿಟ್ಟೆ.



ಕೊನೆ, ಒಂದು ಬಗೆ

ಬಸ್ಸು ಕೊನೆಯ ಸ್ಟಾಪಿಗೆ ಬಂತು, ಪ್ರಯಾಣಿಕರು ಚಪ್ಪಾಳೆ ತಟ್ಟಿದರು...

"ಚಪ್ಪಾಳೆನಾ? ಲೇಟು ಅಂತ ಬೈತಾರೆ ಸಾರ್ ನಮ್ಮೋರು."

ಇನ್ನೊಂದು ಬಗೆ

ಛತ್ರಿಗಳ ನಡುವೆ ಅವರಿಗೆ ಕೊನೆಗೂ ನೆಮ್ಮದಿ...

"ಛತ್ರೀಲಿ ಯಾರಿಗಣ್ಣಾ ನೆಮ್ಮದಿ ಸಿಕ್ಕಿದೆ?" ಇದು ಹೆಂಡತಿ.

ಸರಿ, ಕಣ್ಣಾರೆ ನೋಡೇ ಬರೆಯೋಣವೆಂದು ಪರೀಕ್ಷೆಯ ಟ್ರಿಪ್ಪಿಗೆ ನಾನೇ ಹತ್ತಿದೆ. ಮುಂದಿನ ಸೀಟಿನಲ್ಲಿ ಗಡಿಯಾರ ಹಿಡಿದ ಮ್ಯಾನೇಜರ್, ಹಿಂದೆ ಹ್ಯಾಂಡ್‌ಬ್ಯಾಗ್ ಸಮೇತ ಹೆಂಡತಿ, ಅವರ ಪಕ್ಕ ನಾನು. ಒಂದು ಗಂಟೆ ದಾಟಿತು. ಒಂದೂವರೆ. ಡ್ರೈವರಣ್ಣನ ಕತ್ತು ಅಲುಗಲಿಲ್ಲ. ಎರಡು ಗಂಟೆಗೆ ನಾನು ಬಾಯಿಬಿಟ್ಟೆ.

"ಡ್ರೈವರಣ್ಣಾ, ಒಂದು ನಿಮಿಷ ನಿಲ್ಲಿಸ್ತೀರಾ?"

"ಸಾರ್! ಇವತ್ತೇ?"

"ಆಗ್ತಿಲ್ಲ."

(ನನ್ನ ವಯಸ್ಸು ಹೇಳಿಲ್ಲ ಅಲ್ಲವೇ? ನೀವು ಕೇಳಲಿಲ್ಲ.)

ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಆ ಮುಖವನ್ನು ಬಲ್ಲವರು ಬಸ್ಸಿನಲ್ಲಿ ಅವರೊಬ್ಬರೇ. ನಿಲ್ಲಿಸಿದರು.

"ಪ್ಯಾಸೆಂಜರಿಗೆ ನಿಲ್ಲಿಸಿದ್ದು ಪರವಾಗಿಲ್ಲ," ಮ್ಯಾನೇಜರ್ ಹೇಳಿದರು. "ನೀವು ಮಾತ್ರ ಸೀಟು ಬಿಡೋ ಹಾಗಿಲ್ಲ."

ನಾನು ಇಳಿದು ಪೊದೆಯ ಕಡೆ ಮುಖ ಮಾಡಿ ನಿಂತೆ. ಆಗಲೇ ಬೆನ್ನ ಹಿಂದೆ ಡ್ರೈವರ್ ಬಾಗಿಲು ತೆರೆದ ಸದ್ದು. ಗಾಳಿಗೆಂದು ತೆರೆದರೋ, ಇಳಿದೇಬಿಟ್ಟರೋ? "ರೀ!" ಎಂದು ಹೆಂಡತಿ ಕೂಗಿದ್ದು ಕೇಳಿಸಿತು. ಗಾಬರಿಯೋ ಖುಷಿಯೋ, ಒಂದೇ ಅಕ್ಷರದಲ್ಲಿ ಹೇಗೆ ಹೇಳಲಿ? ತಿರುಗಿ ನೋಡಬೇಕು. ಈ ಸ್ಥಿತಿಯಲ್ಲಿ ತಿರುಗುವಂತಿಲ್ಲ. ಓದುಗರೇ, ನೀವು ಬಸ್ಸಿನಲ್ಲೇ ಇದ್ದೀರಲ್ಲ, ನೀವೇ ನೋಡಿ.

ನನಗಿನ್ನೂ ಹೊತ್ತಾಗುತ್ತದೆ. ಹನಿ ಹನಿ.