ಯಾರಿಗೂ ನೋವಾಗದ ವಾಕ್ಯ

"ಇನ್ನೊಂದು ಅಧ್ಯಯನ ಸಮಿತಿಯಾ?" ರಾಗ್ನಿ ಕೈಯಲ್ಲಿದ್ದ ಕರಡನ್ನು ಮೇಜಿನ ಮೇಲೆ ಕುಕ್ಕಿದಳು. "ಹೋದ ಅಧಿವೇಶನದಲ್ಲಿ ಮಾಡಿದ ಸಮಿತಿ ಏನ್ ಕಡಿದು ಕಟ್ಟೆ ಹಾಕ್ತು?"

"ಇನ್ನೊಂದು ಸಮಿತಿ ಬೇಕು ಅಂತ ಹೇಳಿತಲ್ಲ," ಎಂದ ಅವಳ ಸೋದರಮಾವ ಪೆಡರ್, ಜಾಮ್ ಸವರಿದ ವಾಫಲ್ ಅಗಿಯುತ್ತ.

ಓಸ್ಲೊದ ಹೋಟೆಲಿನ ಹಿಂದಿನ ಕೋಣೆಯಲ್ಲಿ ಪಕ್ಷದ ಕರಡು ಸಮಿತಿ ಬೆಳಗಿನಿಂದ ಒಂದೇ ವಾಕ್ಯವನ್ನು ಜಗ್ಗಾಡುತ್ತಿತ್ತು: ನಾರ್ವೆ ಯುರೋಪಿಯನ್ ಒಕ್ಕೂಟ ಸೇರಬೇಕೋ ಬೇಡವೋ. ರಾಗ್ನಿಗೆ ಸೇರಬೇಕು. ಉತ್ತರದ ಅವಳ ಊರಿನ ಕಾರ್ಖಾನೆಯಲ್ಲಿ ನಲವತ್ತು ಜನ ಸಾಲ್ಮನ್ ಮೀನಿಗೆ ಹೊಗೆ ಹಾಕುತ್ತಾರೆ. ಹಸಿ ಮೀನಿಗೆ ಒಕ್ಕೂಟ ಹಾಕುವ ಸುಂಕ ಅಲ್ಪ, ಹೊಗೆ ಹಾಕಿದ್ದಕ್ಕೆ ಅದರ ಹಲವು ಪಟ್ಟು. ಹಾಗಾಗಿ ಮಾಲೀಕ ಕೆಲಸವನ್ನೇ ಒಕ್ಕೂಟದೊಳಗಿನ ಪೋಲೆಂಡಿಗೆ ಸಾಗಿಸಲು ಹೊರಟಿದ್ದ. ಮೀನುಗಾರ ಪೆಡರ್‌ಗೆ ಸುತರಾಂ ಬೇಡ. ಸೇರಿದರೆ ಪರದೇಶದ ಹಡಗುಗಳು ಬಂದು ತಮ್ಮ ಕಡಲನ್ನು ಗುಡಿಸಿ ಗುಂಡಾಂತರ ಮಾಡುತ್ತವೆಂದು ಆತ ಮೂವತ್ತು ವರ್ಷದಿಂದ ಗಂಟಲು ಹರಿದುಕೊಂಡಿದ್ದಾನೆ. ಕ್ರಿಸ್‌ಮಸ್ ಊಟದಲ್ಲೂ ಮಾವ-ಸೊಸೆಗೆ ಇದೇ ಜಗಳ.

ಪಕ್ಷದ ಅಧ್ಯಕ್ಷ ಐವಿಂದ್ ಮಾತ್ರ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗಿರಾಕಿ. "ನೋಡು ತಾಯಿ, ಇದೇ ವಿಷಯಕ್ಕೆ ಪಕ್ಷ ಒಂದ್ಸಲ ಹೋಳಾಗಿದೆ. 'ಎರಡೂ ಅಭಿಪ್ರಾಯಗಳನ್ನು ಗೌರವಿಸುತ್ತ ಅಧ್ಯಯನ ಮುಂದುವರಿಸುತ್ತೇವೆ.' ಇದ್ರಿಂದ ಯಾರಿಗೆ ನೋವಾಗತ್ತೆ, ಹೇಳು?"

"ನಲವತ್ತು ಜನಕ್ಕೆ! ಸೋತ್ರೆ ಸೋತೆ ಅಂತ ಊರಿಗೆ ಹೋಗಿ ಹೇಳ್ತೀನಿ. ಇದನ್ನ ಏನಂತ ಹೇಳ್ಲಿ?"

ಪೆಡರ್ ತಟ್ಟೆ ಸರಿಸಿದ. "ನಂಗೂ ಬೇಡ ಕಣಯ್ಯ ಈ ತಿಳಿಗಂಜಿ. ಸೇರಲ್ಲ ಅಂತ ಬರಿ. ಇಲ್ಲಾ ಇವಳು ಹೇಳಿದ್ದನ್ನೇ ಬರಿ, ನಾನು ವೇದಿಕೆ ಹತ್ತಿ ಜಾಡಿಸ್ತೀನಿ."

ಐವಿಂದ್ ನಕ್ಕು, ಇಬ್ಬರ ಬೆನ್ನೂ ತಟ್ಟಿ, ಕರಡನ್ನು ಮುದ್ರಣಕ್ಕೆ ಕಳಿಸಿದ. ರಾಗ್ನಿಗೆ ಮೈಯೆಲ್ಲ ಉರಿದುಹೋಯಿತು.

ಮಧ್ಯಾಹ್ನ ಅಧಿವೇಶನದ ಸಭಾಂಗಣದಲ್ಲಿ ಆ ವಾಕ್ಯದ ಪರವಾಗಿ ಸುಮಾರು ಮುನ್ನೂರು ಹಳದಿ ಮತಚೀಟಿಗಳು ಒಟ್ಟಿಗೆ ಮೇಲೆದ್ದವು. ಚಪ್ಪಾಳೆಯೂ ಶುರುವಾಗಿಬಿಟ್ಟಿತು. "ವಿರುದ್ಧ ಯಾರಾದ್ರೂ ಇದ್ದೀರಾ?" ಐವಿಂದ್ ಕೇಳಿದ್ದು ಬರೀ ಶಾಸ್ತ್ರಕ್ಕೆ.

ರಾಗ್ನಿ ಎದ್ದು ನಿಂತು ಚೀಟಿ ಎತ್ತಿದಳು. ಪಕ್ಕದ ಕುರ್ಚಿ ಕಿರುಗುಟ್ಟಿತು, ಮಾವನೂ ಚೀಟಿ ಎತ್ತಿ ಎದ್ದಿದ್ದ.

"ನೀವಿಬ್ರೂ ಒಟ್ಟಿಗೇನಾ?" ಐವಿಂದ್ ಮೈಕಿನಲ್ಲೇ ಕೇಳಿಬಿಟ್ಟ.

"ಮೊದ್ಲು ಎಣಿಸಯ್ಯ," ಎಂದ ಪೆಡರ್.

ಎಣಿಸುವವರು ಹಿಂದಿನ ಸಾಲಿನಿಂದ ನಿಧಾನಕ್ಕೆ ಬರುತ್ತಿದ್ದರು. ಬಲೆ ಎಳೆದೆಳೆದು ಹಾಳಾದ ಮುದುಕನ ಭುಜ ನಡುಗತೊಡಗಿತು. ಚೀಟಿ ಇಳಿಯುತ್ತ ಬಂತು. ರಾಗ್ನಿ ತನ್ನ ಚೀಟಿಯನ್ನು ಇಳಿಸದೆ, ಇನ್ನೊಂದು ಕೈಯಿಂದ ಅವನ ಮೊಣಕೈಯನ್ನು ಮೇಲೆತ್ತಿ ಹಿಡಿದು, ಅವರು ಬರುವ ತನಕ ಹಾಗೇ ನಿಂತಳು.